ವೀಸಾ ಬೇಡ ಅಂದರೂ ಬಾಗಿಲಲ್ಲಿ ಕೇಳುತ್ತಾರೆ

ಕಳೆದ ಸಂಚಿಕೆಯಲ್ಲಿ ಪಾಸ್‌ಪೋರ್ಟ್ ನವೀಕರಣದ ಬಗ್ಗೆ ಬರೆದಿದ್ದೆ. ಅದಾದ ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬೇರೆಯದೇ ವಿಷಯದ್ದು. ಯಾವ ದೇಶಕ್ಕೆ ವೀಸಾ ಬೇಡ? ಇಂಥ ದೇಶದವರಿಗೆ ವೀಸಾ ತೆಗೆದುಹಾಕಿದರಂತೆ, ನಮಗೆ ಯಾವಾಗ? ಇಟಿಎ ಅಂತಾರಲ್ಲ, ಅದೇನು? ಜಯನಗರದಲ್ಲಿ ಟಿಕೆಟ್ ಕೌಂಟರಿನ ಹಿಂದೆ 20 ವರ್ಷ ಕೂತವಳು ನಾನು. ಈ ಪ್ರಶ್ನೆಗಳನ್ನು ಗಾಜಿನ ಆಚೆಯಿಂದ ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ. ಅದಕ್ಕೇ ಈ ಸಲದ ಅಂಕಣ ಪೂರ್ತಿ ಇದಕ್ಕೇ ಇರಲಿ.

ಪ್ರಶ್ನೆ: ಮೇಡಂ, ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಬಾಣಂತನಕ್ಕೆ ಹೋಗಬೇಕು. ವೀಸಾ ಸಂದರ್ಶನದ ತಾರೀಖಿಗೆ ಕಾದು ಕಾದು ಸಾಕಾಗಿದೆ. ಕತಾರಿನವರಿಗೆ ಅಮೆರಿಕಕ್ಕೆ ವೀಸಾ ಬೇಡ ಅಂತ ಮಾಡಿದ್ದಾರಂತೆ. ಅಷ್ಟು ಚಿಕ್ಕ ದೇಶಕ್ಕೆ ಕೊಟ್ಟವರು ನಮಗೆ ಯಾಕೆ ಕೊಡುವುದಿಲ್ಲ?
– ನಿವೃತ್ತ ಶಿಕ್ಷಕಿ, ಬಸವನಗುಡಿ

ಉತ್ತರ: ಸುದ್ದಿ ನಿಜ ಅಮ್ಮಾ. 2024ರ ಸೆಪ್ಟೆಂಬರಿನಲ್ಲಿ ಅಮೆರಿಕ ಕತಾರನ್ನು ತನ್ನ ವೀಸಾ ವಿನಾಯಿತಿ ಪಟ್ಟಿಗೆ ಸೇರಿಸಿತು. ಕೊಲ್ಲಿ ದೇಶಗಳಲ್ಲಿ ಆ ಪಟ್ಟಿಗೆ ಹೋದ ಮೊದಲ ದೇಶ ಅದು. ಅದರ ಹಿಂದಿನ ವರ್ಷ ಇಸ್ರೇಲ್ ಸೇರಿತ್ತು. 2021ರಲ್ಲಿ ಕ್ರೊಯೇಷಿಯಾ, 2019ರಲ್ಲಿ ಪೋಲೆಂಡ್.

ಆದರೆ ಇದಕ್ಕೆ ದೇಶ ಎಷ್ಟು ದೊಡ್ಡದು ಅನ್ನುವ ಲೆಕ್ಕ ಇಲ್ಲ. ಸ್ನೇಹ ಒಂದೇ ಸಾಲುವುದಿಲ್ಲ. ಈ ಯೋಜನೆ ಹುಟ್ಟಿದ್ದು 1986ರ ಕಾನೂನಿನಿಂದ, ಮೊದಲು ಸಿಕ್ಕಿದ್ದು 1988ರಲ್ಲಿ ಬ್ರಿಟನ್ನಿಗೆ. ಇದರಲ್ಲಿ ಒಂದು ಗಟ್ಟಿ ಷರತ್ತಿದೆ. ಆ ದೇಶದಿಂದ ಪ್ರವಾಸಿ ವೀಸಾ ಕೇಳಿದ 100 ಜನರಲ್ಲಿ 'ಇಲ್ಲ' ಅನ್ನಿಸಿಕೊಂಡವರು 3ಕ್ಕಿಂತ ಕಡಿಮೆ ಇರಬೇಕು. ಪಾಸ್‌ಪೋರ್ಟಿನಲ್ಲಿ ಚಿಪ್ ಇರಬೇಕು. ಕಳೆದುಹೋದ, ಕಳುವಾದ ಪಾಸ್‌ಪೋರ್ಟಿನ ವಿವರವನ್ನು ತಡಮಾಡದೆ ಅವರಿಗೆ ತಿಳಿಸಬೇಕು. ಅವರ ದೇಶದವರು ಬಂದಾಗ ನಾವೂ ಇದೇ ಸೌಕರ್ಯ ಕೊಡಬೇಕು. ಪೋಲೆಂಡನ್ನೇ ನೋಡಿ. 1999ರಲ್ಲೇ ನ್ಯಾಟೋ ಸೇರಿತ್ತು, ಇರಾಕ್ ಯುದ್ಧಕ್ಕೆ ಅಮೆರಿಕದ ಜೊತೆ ಸೈನಿಕರನ್ನು ಕಳಿಸಿತ್ತು. ಆದರೂ ಆ 3ರ ಗೆರೆಗಿಂತ ಕೆಳಗೆ ಇಳಿಯುವ ತನಕ, ಅಂದರೆ 2019ರವರೆಗೆ, ಅಲ್ಲಿನ ಅಜ್ಜಿ ತಾತಂದಿರೂ ಶಿಕಾಗೋದಲ್ಲಿರುವ ಮೊಮ್ಮಕ್ಕಳನ್ನು ನೋಡಲು ಕಾಗದ ಹಿಡಿದು ಸಾಲಿನಲ್ಲೇ ನಿಲ್ಲಬೇಕಾಯಿತು.

ನಮ್ಮ ತಿರಸ್ಕಾರದ ಪ್ರಮಾಣ ಆ ಗೆರೆಗಿಂತ ತುಂಬಾ ಮೇಲಿದೆ. ಚಿಪ್ ಇರುವ ಪಾಸ್‌ಪೋರ್ಟ್ ಈಗ ಬರುತ್ತಿದೆ, 2024ರ ಏಪ್ರಿಲ್‌ನಲ್ಲಿ ಪ್ರಾಯೋಗಿಕವಾಗಿ ಶುರು ಮಾಡಿದ್ದರು. ಅದೊಂದು ಮೆಟ್ಟಿಲು ಅಷ್ಟೆ. ನಾಳೆಯೇ ಆಗಿಬಿಡುತ್ತದೆ ಅಂತ ನಿಮಗೆ ಆಸೆ ಹುಟ್ಟಿಸಲಾರೆ.

ಇನ್ನೊಂದು ಮಾತು. ಇದನ್ನು ಜನ ಗಮನಿಸುವುದೇ ಇಲ್ಲ. ಕತಾರಿನವರಿಗೆ ಸಿಕ್ಕಿರುವುದು ಒಂದು ಸಲಕ್ಕೆ 90 ದಿನ. ಅದನ್ನು ಮುಂದುವರಿಸಲು ಆಗುವುದಿಲ್ಲ. ಮಗು ಹುಟ್ಟುವುದು ಎರಡು ವಾರ ತಡವಾಯಿತು, ಮಗಳಿಗೆ ಸಿಸೇರಿಯನ್ ಆಯಿತು, ಇನ್ನೊಂದು ತಿಂಗಳು ಇರುತ್ತೇನೆ ಅಂದರೆ ನಡೆಯುವುದಿಲ್ಲ. ಅದೇ ನಮ್ಮವರಿಗೆ ಸಿಗುವ ಪ್ರವಾಸಿ ವೀಸಾ ಸಾಮಾನ್ಯವಾಗಿ 10 ವರ್ಷದ್ದು. ಒಂದು ಸಲ ಹೋದರೆ ಸಾಮಾನ್ಯವಾಗಿ 6 ತಿಂಗಳವರೆಗೆ ಇರಲು ಬಿಡುತ್ತಾರೆ. ಸಿಗುವುದು ಕಷ್ಟ, ಸಿಕ್ಕ ಮೇಲೆ ನಿಮ್ಮ ಕೆಲಸಕ್ಕೆ ಅದೇ ಒಳ್ಳೆಯದು. ಮೂರು ತಿಂಗಳಲ್ಲಿ ಬಾಣಂತನ ಮುಗಿಸಿ ಎಳೆಗೂಸನ್ನು ಬಿಟ್ಟು ಬರುವ ಸಂಕಟ ನಿಮಗೆ ಬೇಡ. ಸಂದರ್ಶನದ ತಾರೀಖನ್ನು ಬೆಳಿಗ್ಗೆ ಸಂಜೆ ನೋಡುತ್ತಿರಿ, ಯಾರೋ ರದ್ದು ಮಾಡಿದ ಜಾಗ ನಡುವೆ ಸಿಗುತ್ತಿರುತ್ತದೆ. ವೀಸಾ ಕೈಗೆ ಬರುವ ಮೊದಲು ಟಿಕೆಟ್ ಮಾತ್ರ ತೆಗೆಯಬೇಡಿ.

ಪ್ರಶ್ನೆ: ನಾವು 6 ಜನ ಸ್ನೇಹಿತರು ಥಾಯ್ಲೆಂಡಿಗೆ ಹೊರಟಿದ್ದೇವೆ. ಎಲ್ಲರಿಗೂ ಇದೇ ಮೊದಲ ವಿದೇಶ ಪ್ರವಾಸ. ವೀಸಾ ಬೇಡ ಅಂದ ಮೇಲೆ ಪಾಸ್‌ಪೋರ್ಟ್ ಹಿಡಿದುಕೊಂಡು ಹೋದರೆ ಸಾಕಲ್ವಾ?
– ಹಾರ್ಡ್‌ವೇರ್ ಅಂಗಡಿ ಮಾಲೀಕರು, ರಾಜಾಜಿನಗರ

ಉತ್ತರ: ಸಾಲುವುದಿಲ್ಲ. ಮೊದಲು ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ.

ನಮ್ಮ ಏರ್‌ಪೋರ್ಟಿನ ಟರ್ಮಿನಲ್ 2. ರಾತ್ರಿ 10 ಗಂಟೆ ದಾಟಿತ್ತು. ನನ್ನ ಮುಂದೆ ಹಾಸನದ ಕಡೆಯ ಗಂಡ ಹೆಂಡತಿ ನಿಂತಿದ್ದರು. ಆತ ಹೊಸ ಬೂಟು ಹಾಕಿದ್ದರು. ಆಕೆಯ ಕೈಯಲ್ಲಿ ದಾರಿಗೆ ಅಂತ ಕಟ್ಟಿಕೊಂಡು ಬಂದ ಚಪಾತಿ ಡಬ್ಬಿ, ಮೇಲೊಂದು ಟವೆಲ್ ಸುತ್ತಿದ್ದರು. ಚೆಕ್-ಇನ್ ಹುಡುಗಿ ಆಕೆಯ ಪಾಸ್‌ಪೋರ್ಟ್ ನೋಡಿ ಸರಿ ಅಂದಳು. ಆತನದ್ದು ತೆರೆದವಳು ಎರಡು ಸಲ ತಿರುವಿ ನೋಡಿದಳು, ಆಮೇಲೆ ಕಂಪ್ಯೂಟರ್ ನೋಡಿದಳು. 'ಸರ್, ನಿಮ್ಮ ಪಾಸ್‌ಪೋರ್ಟ್ ಇನ್ನು 4 ತಿಂಗಳಿಗೆ ಮುಗಿಯುತ್ತದೆ. 6 ತಿಂಗಳು ಇರಲೇಬೇಕು.' ಆತ 'ನಾವು ಹೋಗೋದು 5 ದಿನಕ್ಕೆ ಅಲ್ವಾ' ಅಂತ ಮೂರು ಸಲ ಹೇಳಿದರು. ಆಕೆ ಒಬ್ಬರೇ ಹೋಗಬಹುದಿತ್ತು, ಹೋಗಲಿಲ್ಲ. ಬಿದಿರಿನ ಅಲಂಕಾರದ ಕಂಬದ ಪಕ್ಕದ ಬೆಂಚಿನ ಮೇಲೆ ಇಬ್ಬರೂ ಕೂತರು. ಸ್ವಲ್ಪ ಹೊತ್ತಿನ ಮೇಲೆ ಆಕೆ ಡಬ್ಬಿ ಬಿಚ್ಚಿ ಗಂಡನಿಗೆ ಚಪಾತಿ ಕೊಟ್ಟರು. ನಾನು ಆ ರಾತ್ರಿ ವಿಮಾನದಲ್ಲಿ ನಿದ್ದೆ ಮಾಡಲಿಲ್ಲ.

ಆ ಹುಡುಗಿಯದ್ದು ಏನೂ ತಪ್ಪಿಲ್ಲ. ದಾಖಲೆ ಸರಿ ಇಲ್ಲದವರನ್ನು ಕರೆದುಕೊಂಡು ಹೋದರೆ ವಾಪಸ್ ಕರೆತರುವ ಹೊಣೆ ವಿಮಾನ ಕಂಪನಿಯದ್ದು, ದಂಡ ಬೇರೆ ಕಟ್ಟಬೇಕಾಗುತ್ತದೆ. ಅದಕ್ಕೇ ವೀಸಾ ಇಲ್ಲದ ದೇಶಕ್ಕೆ ನಿಮ್ಮ ಮೊದಲ ತಪಾಸಣೆ ಬ್ಯಾಂಕಾಕಿನಲ್ಲಿ ಅಲ್ಲ, ದೇವನಹಳ್ಳಿಯಲ್ಲೇ ಆಗುತ್ತದೆ.

ಥಾಯ್ಲೆಂಡ್ ನಮ್ಮವರಿಗೆ ವೀಸಾ ಬೇಡ ಅಂತ ಮಾಡಿದ್ದು 2023ರ ನವೆಂಬರ್ 10ರಿಂದ. ಆಗ 30 ದಿನ ಇತ್ತು. 2024ರ ಜುಲೈ 15ರಿಂದ 60 ದಿನಕ್ಕೆ ಏರಿಸಿದರು. ಈ ದಿನಗಳ ಲೆಕ್ಕ ಬದಲಾಗುತ್ತಲೇ ಇರುತ್ತದೆ, ಹೊರಡುವ ವಾರ ರಾಯಭಾರ ಕಚೇರಿಯ ವೆಬ್‌ಸೈಟಿನಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ. 2025ರ ಮೇ 1ರಿಂದ ಟಿಡಿಎಸಿ ಅನ್ನುವ ಡಿಜಿಟಲ್ ಆಗಮನ ಕಾರ್ಡ್ ಬಂದಿದೆ. ಅಲ್ಲಿ ಇಳಿಯುವ ಹಿಂದಿನ 3 ದಿನಗಳ ಒಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ದುಡ್ಡು ಕೊಡಬೇಕಾಗಿಲ್ಲ. 6 ಜನರದ್ದೂ ಬೇರೆ ಬೇರೆ ತುಂಬಿ, ಕ್ಯೂಆರ್ ಕೋಡ್ ಇರುವ ಪುಟವನ್ನು ಫೋನಿನಲ್ಲೂ ಇಟ್ಟುಕೊಳ್ಳಿ, ಒಂದು ಪ್ರಿಂಟೂ ತೆಗೆದುಕೊಳ್ಳಿ. ಮಲೇಷ್ಯಾದ್ದೂ ಹೀಗೇ: ವೀಸಾ ಇಲ್ಲ, 30 ದಿನ, 2026ರ ಡಿಸೆಂಬರ್ 31ರವರೆಗೆ ಅಂತ ಹೇಳಿದ್ದಾರೆ, ಅಲ್ಲಿಯೂ ಉಚಿತ ಡಿಜಿಟಲ್ ಕಾರ್ಡ್ ಇದೆ.

ಇನ್ನು ಅಲ್ಲಿನ ಅಧಿಕಾರಿ ಕೇಳುವುದು. ವಾಪಸ್ ಟಿಕೆಟ್ ಎಲ್ಲಿ? ಎಲ್ಲಿ ಉಳಿಯುತ್ತೀರಿ? ಖರ್ಚಿಗೆ ಎಷ್ಟು ಇದೆ? ಥಾಯ್ಲೆಂಡಿನ ನಿಯಮದಲ್ಲಿ ಒಬ್ಬರಿಗೆ 10,000 ಬಾತ್, ಕುಟುಂಬಕ್ಕೆ 20,000 ಬಾತ್ ತೋರಿಸುವ ಮಾತಿದೆ. ಎಲ್ಲರಿಗೂ ಕೇಳುವುದಿಲ್ಲ. ಕೇಳಿದಾಗ ಇರಬೇಕು. ನಿಮ್ಮ 6 ಜನರಲ್ಲಿ ಒಬ್ಬರ ಫೋನಿನಲ್ಲೇ ಎಲ್ಲರ ಹೋಟೆಲ್ ಬುಕಿಂಗ್ ಇರುತ್ತದೆ, ಅದು ನನಗೆ ಗೊತ್ತು. ಸಾಲಿನಲ್ಲಿ ಆ ಒಬ್ಬರು ಮುಂದೆ ಹೋಗಿಬಿಟ್ಟರೆ ಹಿಂದಿನ 5 ಜನ ಬಾಯಿ ಬಾಯಿ ಬಿಡುವ ಹಾಗೆ ಆಗುತ್ತದೆ. ಎಲ್ಲರ ಬಳಿಯೂ ಒಂದೊಂದು ಪ್ರತಿ ಇರಲಿ.

ಪ್ರಶ್ನೆ: ನನ್ನ ಟೀಮಿನಲ್ಲಿ ಫಿಲಿಪೀನ್ಸಿನ ಸಹೋದ್ಯೋಗಿ ಇದ್ದಾರೆ. ಅವರ ಹತ್ತಿರ ಅಮೆರಿಕದ ವೀಸಾ ಇತ್ತು. ಅದನ್ನೇ ತೋರಿಸಿ, 7 ಡಾಲರ್ ಕಟ್ಟಿ, ಕೆನಡಾದ ಇಟಿಎ ತೆಗೆದುಕೊಂಡು ಹೋಗಿ ಬಂದರು. ನನ್ನ ಹತ್ತಿರವೂ ಅಮೆರಿಕದ ವೀಸಾ ಇದೆ. ನನಗೂ ಆಗುತ್ತದಾ?
– ಸಾಫ್ಟ್‌ವೇರ್ ಉದ್ಯೋಗಿ, ಹೆಬ್ಬಾಳ

ಉತ್ತರ: ಆಗುವುದಿಲ್ಲ. ವೀಸಾ ಒಂದೇ ಆದರೂ ಪಾಸ್‌ಪೋರ್ಟ್ ಬೇರೆ.

2023ರ ಜೂನ್‌ನಲ್ಲಿ ಕೆನಡಾ 13 ದೇಶಗಳಿಗೆ ಈ ಸೌಲಭ್ಯ ವಿಸ್ತರಿಸಿತು. ಫಿಲಿಪೀನ್ಸ್, ಥಾಯ್ಲೆಂಡ್, ಮೊರಾಕೊ, ಅರ್ಜೆಂಟೀನಾ, ಕೋಸ್ಟರಿಕಾ, ಪನಾಮ ಇವೆಲ್ಲ ಅದರಲ್ಲಿವೆ. ಆದರೆ ಆ ದೇಶಗಳ ಎಲ್ಲರಿಗೂ ಅಲ್ಲ. ಕಳೆದ 10 ವರ್ಷದಲ್ಲಿ ಕೆನಡಾ ವೀಸಾ ಪಡೆದಿದ್ದವರು, ಇಲ್ಲವೇ ಈಗ ಚಾಲ್ತಿಯಲ್ಲಿರುವ ಅಮೆರಿಕದ ವಲಸೆಯೇತರ ವೀಸಾ ಇದ್ದವರು, ಅದೂ ವಿಮಾನದಲ್ಲಿ ಬಂದರೆ ಮಾತ್ರ. ಅಮೆರಿಕದಿಂದ ಕಾರಿನಲ್ಲಿ ನಯಾಗರ ದಾಟುತ್ತೇವೆ ಅಂದರೆ ಅವರಿಗೂ ವೀಸಾ ಬೇಕು. ಭಾರತ ಆ ಪಟ್ಟಿಯಲ್ಲಿ ಇರಲಿಲ್ಲ.

ಇದರ ಹಿಂದಿನ ಯೋಚನೆ ನೋಡಿ, ತುಂಬಾ ಸರಳ. ಒಬ್ಬ ಮನುಷ್ಯನನ್ನು ಒಂದು ದೇಶ ಆಗಲೇ ಸೋಸಿ ನೋಡಿದೆ, ಆತ ಹೋಗಿ ಮರ್ಯಾದೆಯಾಗಿ ವಾಪಸ್ ಬಂದಿದ್ದಾನೆ, ಹಾಗಿದ್ದ ಮೇಲೆ ನಾವು ಮತ್ತೆ ಮೊದಲಿನಿಂದ ಯಾಕೆ ಸೋಸಬೇಕು ಅನ್ನುವುದು. ಇನ್ನು ಇಟಿಎ ಅಂದರೆ ಎಲೆಕ್ಟ್ರಾನಿಕ್ ಪ್ರಯಾಣ ಅನುಮತಿ. ಅದು ವೀಸಾ ಅಲ್ಲ, ಬರಿಗೈಯ ಪ್ರಯಾಣವೂ ಅಲ್ಲ. ವಿಮಾನ ಹತ್ತುವ ಮೊದಲು ನಿಮ್ಮ ಹೆಸರು, ಪಾಸ್‌ಪೋರ್ಟ್ ನಂಬರ್, ಹಳೆಯ ತಕರಾರು ಏನಾದರೂ ಇದೆಯಾ ಅಂತ ಕಂಪ್ಯೂಟರಿನಲ್ಲಿ ತಾಳೆ ನೋಡಿ ಒಪ್ಪಿಗೆ ಕೊಡುವುದು. ಅಮೆರಿಕದ್ದಕ್ಕೆ ಇಎಸ್‌ಟಿಎ ಅಂತಾರೆ, 2009ರಿಂದ ಕಡ್ಡಾಯ. ಬ್ರಿಟನ್ ಇಂಥದ್ದನ್ನು 2023ರ ಕೊನೆಯಲ್ಲಿ ಕತಾರಿನವರಿಂದ ಶುರು ಮಾಡಿತು. ಯುರೋಪಿನದ್ದು ಇನ್ನೂ ಬರಬೇಕು, ಎಟಿಯಾಸ್ ಅಂತ. ಇವೆಲ್ಲ ಯಾರಿಗೆ ವೀಸಾ ಬೇಡವೋ ಅವರಿಗೆ. ನಾವು ಯುರೋಪಿಗೆ ಷೆಂಗನ್ ವೀಸಾ ತೆಗೆದುಕೊಂಡೇ ಹೋಗುವವರು, ಎಟಿಯಾಸ್ ನಮಗೆ ಸಂಬಂಧವಿಲ್ಲ.

ನಿಮ್ಮ ಅಮೆರಿಕದ ವೀಸಾ ಬೇರೆಲ್ಲೂ ಕೆಲಸಕ್ಕೆ ಬರುವುದಿಲ್ಲ ಅಂತ ಅಂದುಕೊಳ್ಳಬೇಡಿ. 2025ರಲ್ಲಿ ಫಿಲಿಪೀನ್ಸ್ ಭಾರತೀಯರಿಗೆ 14 ದಿನ ವೀಸಾ ಇಲ್ಲದೆ ಬರಲು ಬಿಟ್ಟಿತು, ಅಮೆರಿಕ, ಜಪಾನ್, ಆಸ್ಟ್ರೇಲಿಯಾ, ಕೆನಡಾ, ಷೆಂಗನ್, ಸಿಂಗಪುರ, ಬ್ರಿಟನ್ ಇವುಗಳ ಚಾಲ್ತಿ ವೀಸಾ ಇದ್ದವರಿಗೆ 30 ದಿನ. ತೈವಾನಿನಲ್ಲೂ ಇಂಥ ವೀಸಾ ಇದ್ದ ಭಾರತೀಯರಿಗೆ ಆನ್‌ಲೈನ್ ಪ್ರಯಾಣ ಅನುಮತಿ ಇದೆ, ಉಚಿತ. ಹಾಂಗ್‌ಕಾಂಗಿಗೆ ಯಾವ ವೀಸಾ ಇಲ್ಲದವರೂ 14 ದಿನ ಹೋಗಬಹುದು, ಆದರೆ 2017ರ ಜನವರಿಯಿಂದ ಮುಂಚಿತವಾಗಿ ಆನ್‌ಲೈನ್ ನೋಂದಣಿ ಮಾಡಿಸಬೇಕು.

ನಿಮ್ಮ ಹಾಗೆ ಕೇಳಿದ ಇನ್ನೊಬ್ಬ ಓದುಗರು ಟಿಡಿಎಸಿ ಕಾರ್ಡಿಗೆ 6 ಸಾವಿರ ರೂಪಾಯಿ ಕಟ್ಟಿದ್ದೇನೆ ಅಂತ ಬರೆದಿದ್ದಾರೆ. ಉಚಿತವಾದದ್ದಕ್ಕೆ! ಗೂಗಲಿನಲ್ಲಿ ಹುಡುಕಿದರೆ ಮೇಲೆ ಜಾಹೀರಾತಿನ ವೆಬ್‌ಸೈಟ್‌ಗಳೇ ಬರುತ್ತವೆ, ಬಾವುಟ, ಲಾಂಛನ ಎಲ್ಲ ಸರ್ಕಾರದ್ದೇ ಅನ್ನುವ ಹಾಗೆ ಇರುತ್ತದೆ. ವಿಳಾಸದ ಕೊನೆ ನೋಡಿ. ಥಾಯ್ಲೆಂಡಿನದ್ದು ಡಾಟ್ ಗೋ ಡಾಟ್ ಟಿಎಚ್ ಅಂತ ಮುಗಿಯಬೇಕು. ಬೇರೆ ಥರ ಮುಗಿದರೆ ಅಲ್ಲಿ ಪಾಸ್‌ಪೋರ್ಟ್ ನಂಬರನ್ನೂ ಹಾಕಬೇಡಿ. ದುಡ್ಡು ಹೋಗುವುದು ಒಂದು ಕಡೆ, ನಿಮ್ಮ ವಿವರ ಯಾರ ಕೈಗೆ ಹೋಯಿತು ಅನ್ನುವುದೇ ತಿಳಿಯುವುದಿಲ್ಲ.

ಪ್ರಶ್ನೆ: ಫಾರ್ಮ್‌ನಲ್ಲಿ ಸರ್‌ನೇಮ್ ಕೇಳುತ್ತದೆ. ನನಗೆ ಇರುವುದು ಇನಿಷಿಯಲ್ ಮಾತ್ರ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ. ಏನು ಬರೆಯಲಿ?
– ಗೃಹಿಣಿ, ವಿಜಯನಗರ

ಉತ್ತರ: ಅಕ್ಕ, ಈ ಪ್ರಶ್ನೆಗೆ ನನ್ನ ಕೌಂಟರಿನಲ್ಲಿ ಕಳೆದುಹೋದ ಗಂಟೆಗಳಿಗೆ ಲೆಕ್ಕ ಇಲ್ಲ. ನಮ್ಮ ಕಡೆ ಊರಿನದ್ದೊಂದು ಅಕ್ಷರ, ಅಪ್ಪನದ್ದೊಂದು ಅಕ್ಷರ, ಆಮೇಲೆ ನಮ್ಮ ಹೆಸರು. ಶಾಲೆಯ ಹಾಜರಿಯಿಂದ ರೇಷನ್ ಕಾರ್ಡಿನವರೆಗೆ ಅದರಲ್ಲೇ ಬದುಕು ನಡೆದುಹೋಗುತ್ತದೆ. ಹೊರಗಿನವರ ಫಾರ್ಮ್‌ಗೆ ಅದು ಅರ್ಥವೇ ಆಗುವುದಿಲ್ಲ.

ಒಂದು ನಿಯಮ ಇಟ್ಟುಕೊಳ್ಳಿ. ಆಧಾರ್ ನೋಡಬೇಡಿ, ಮದುವೆ ಕಾರ್ಡ್ ನೋಡಬೇಡಿ. ಪಾಸ್‌ಪೋರ್ಟಿನ ಫೋಟೋ ಇರುವ ಪುಟದ ತಳದಲ್ಲಿ ಎರಡು ಸಾಲು ಇವೆ ನೋಡಿ, ಬಾಣದ ಗುರುತುಗಳು ತುಂಬಿರುತ್ತವೆ. ಒಂದೊಂದರಲ್ಲಿ 44 ಅಕ್ಷರ. ಯಂತ್ರ ಓದುವುದು ಅದನ್ನೇ. ಮೇಲಿನ ಸಾಲಿನಲ್ಲಿ ದೇಶದ ಗುರುತಿನ ನಂತರ ಸರ್‌ನೇಮ್, ಆಮೇಲೆ ಎರಡು ಬಾಣ, ಆಮೇಲೆ ಹೆಸರು. ಅಲ್ಲಿ ಹೇಗಿದೆಯೋ ಹಾಗೇ ತುಂಬಬೇಕು. ಸರ್‌ನೇಮ್ ಖಾಲಿ ಇದ್ದರೆ ಆಯಾ ಫಾರ್ಮ್ ಏನು ಹೇಳುತ್ತದೆ ಅಂತ ಓದಿ. ಕೆಲವು ಒಂದು ಅಡ್ಡಗೆರೆ ಹಾಕಿ ಅನ್ನುತ್ತವೆ, ಕೆಲವು ಇರುವ ಹೆಸರನ್ನೇ ಸರ್‌ನೇಮ್ ಜಾಗದಲ್ಲಿ ಹಾಕಿ ಅನ್ನುತ್ತವೆ. ನಿಮ್ಮಷ್ಟಕ್ಕೆ ನೀವೇ ಗಂಡನ ಹೆಸರನ್ನು ಸೇರಿಸಬೇಡಿ. ಟಿಕೆಟಿನಲ್ಲಿ ಒಂದು, ಅನುಮತಿಯಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಒಂದು ಆದರೆ ಕಂಪ್ಯೂಟರ್ ಅದನ್ನು ಮೂರು ಜನ ಅಂತ ತಿಳಿಯುತ್ತದೆ.

ಪಾಸ್‌ಪೋರ್ಟ್ ನಂಬರಿನಲ್ಲೂ ಒಂದು ಗುಂಡಿ ಇದೆ. ನಮ್ಮ ನಂಬರಿನಲ್ಲಿ ಮೊದಲು ಒಂದು ಇಂಗ್ಲಿಷ್ ಅಕ್ಷರ, ಆಮೇಲೆ 7 ಅಂಕಿ. ಹಾಗಾಗಿ ಮೊದಲ ಅಕ್ಷರ ಬಿಟ್ಟು ಮುಂದೆ ದುಂಡಗೆ ಕಂಡದ್ದೆಲ್ಲ ಸೊನ್ನೆಯೇ, ಓ ಅಲ್ಲ. ಇಟಿಎ ಅನ್ನುವುದು ಕಾಗದದ ಮೇಲೆ ಇರುವುದಿಲ್ಲ, ಆ ನಂಬರಿಗೇ ಅಂಟಿಕೊಂಡಿರುತ್ತದೆ. ಒಂದು ಅಕ್ಷರ ತಪ್ಪಿದರೆ ಅನುಮತಿ ಇನ್ಯಾವುದೋ ನಂಬರಿಗೆ ಹೋಗಿರುತ್ತದೆ. ಪಾಸ್‌ಪೋರ್ಟ್ ಬದಲಾದರೆ ಹಳೆಯ ಇಟಿಎ ಕೆಲಸಕ್ಕೆ ಬರುವುದಿಲ್ಲ.

ದುಬೈಗೆ ಹೋಗುವವರು ಇನ್ನೂ ಹುಷಾರಾಗಿರಬೇಕು. 2022ರ ನವೆಂಬರಿನಿಂದ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇರುವವರಿಗೆ ಅಲ್ಲಿ ಭೇಟಿ ವೀಸಾದ ಮೇಲೆ ಪ್ರವೇಶ ಇಲ್ಲ ಅಂತ ಮಾಡಿದರು. ಕೊನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಒಪ್ಪುತ್ತೇವೆ ಅಂತ ಆಮೇಲೆ ಸ್ಪಷ್ಟ ಮಾಡಿದರು. ನನ್ನ ಸಲಹೆ ಕೇಳುವುದಾದರೆ, ಮುಂದಿನ ನವೀಕರಣದಲ್ಲಿ ಇನಿಷಿಯಲ್ ಬಿಡಿಸಿ ಬರೆಸಿಬಿಡಿ. ಮಕ್ಕಳದ್ದಂತೂ ಮೊದಲ ಪಾಸ್‌ಪೋರ್ಟಿನಲ್ಲೇ ಎರಡೂ ಜಾಗ ತುಂಬಿಸಿ.

ಪ್ರಶ್ನೆ: ವೀಸಾ ಬೇಡ ಅಂತ ಹೇಳಿ ಟಿಕೆಟ್ ತೆಗೆದ ಮೇಲೆ ನಿಯಮ ಬದಲಾಯಿಸಿದರೆ ಏನು ಗತಿ? ಹಾಗೆ ಆಗುತ್ತದಾ?
– ಯಲಹಂಕದ ಓದುಗರು

ಉತ್ತರ: ಆಗುತ್ತದೆ. ಆಗಿದೆ.

ಸೆರ್ಬಿಯಾ 2017ರಿಂದ ನಮಗೆ ವೀಸಾ ಕೇಳುತ್ತಿರಲಿಲ್ಲ. 2023ರ ಜನವರಿ 1ರಿಂದ ಮತ್ತೆ ಕೇಳಲು ಶುರು ಮಾಡಿತು. ಇರಾನ್ 2024ರ ಫೆಬ್ರವರಿಯಲ್ಲಿ 15 ದಿನ ವೀಸಾ ಬೇಡ ಅಂತ ಮಾಡಿತ್ತು. ಕೆಲಸ ಕೊಡಿಸುತ್ತೇವೆ ಅಂತ ನಂಬಿಸಿ ನಮ್ಮ ಹುಡುಗರನ್ನು ಅಲ್ಲಿಗೆ ಕರೆಸಿಕೊಂಡು, ಅಪಹರಿಸಿ, ಮನೆಯವರಿಂದ ಹಣ ಕೇಳಿದ ಪ್ರಕರಣಗಳು ಬಂದವು. 2025ರ ನವೆಂಬರ್ 22ರಿಂದ ಆ ಸೌಲಭ್ಯವನ್ನು ನಿಲ್ಲಿಸಿದರು.

ನಮಗೆ ಮಾತ್ರ ಹೀಗೆ ಅಂತ ಅಂದುಕೊಳ್ಳಬೇಡಿ. ಮೆಕ್ಸಿಕೊದವರಿಗೆ 2016ರಲ್ಲಿ ಕೆನಡಾ ವೀಸಾ ತೆಗೆದಿತ್ತು. ಹೋದವರಲ್ಲಿ ಆಶ್ರಯ ಕೇಳುವವರು ಜಾಸ್ತಿ ಆದರು ಅಂತ 2024ರ ಫೆಬ್ರವರಿ ಕೊನೆಗೆ ಬಹಳ ಜನಕ್ಕೆ ಮತ್ತೆ ವೀಸಾ ಹಾಕಿತು. ಅರ್ಜೆಂಟೀನಾ 1996ರಲ್ಲಿ ಅಮೆರಿಕದ ವಿನಾಯಿತಿ ಪಟ್ಟಿ ಸೇರಿತ್ತು. ಅಲ್ಲಿ ಹಣಕಾಸು ಕುಸಿದಾಗ, 2002ರಲ್ಲಿ, ಹೊರಗೆ ಹಾಕಿದರು. ರೊಮೇನಿಯಾದ್ದಂತೂ ನನಗೆ ಓದುವಾಗಲೇ ಸಂಕಟ ಆಯಿತು. 2025ರ ಜನವರಿಯಲ್ಲಿ ಅಮೆರಿಕ ಸೇರಿಸಿದೆವು ಅಂದಿತು, ಅಲ್ಲಿನ ಜನ ಸಂಭ್ರಮಪಟ್ಟರು, ಒಬ್ಬರಾದರೂ ಆ ಅನುಮತಿಯ ಮೇಲೆ ಹೋಗುವ ಮೊದಲೇ, ಮೇ ತಿಂಗಳಲ್ಲಿ, ಹಿಂತೆಗೆದುಕೊಂಡಿತು.

ಗಮನಿಸಿ, ಬಹಳಷ್ಟು ಕಡೆ ಬಾಗಿಲು ಮುಚ್ಚಿದ್ದಕ್ಕೆ ಕಾರಣ ಮೊದಲು ಹೋದವರು ಏನು ಮಾಡಿದರು, ಅಥವಾ ಅವರಿಗೆ ಬೇರೆಯವರು ಏನು ಮಾಡಿದರು ಅನ್ನುವುದೇ. ಪ್ರವಾಸ ಅಂತ ಹೋಗಿ ಅಲ್ಲೇ ಉಳಿದುಬಿಡುವವರಿಂದ ಹಿಂದೆ ಬರುವ ಅಮಾಯಕರಿಗೆ ತೊಂದರೆ. ಇದನ್ನು ನಾನು ಕೌಂಟರಿನಲ್ಲಿ ಮುಖಕ್ಕೆ ಮುಖ ಕೊಟ್ಟು ಹೇಳಿದ್ದೇನೆ, ಕೆಲವರು ಬೇಸರ ಮಾಡಿಕೊಂಡು ಬೇರೆ ಏಜೆಂಟ್ ಹತ್ತಿರ ಹೋಗಿದ್ದಾರೆ. ಹೋಗಲಿ.

ನೀವು ಮಾಡಬಹುದಾದದ್ದು ಇಷ್ಟೇ. ಹಣ ವಾಪಸ್ ಬರುವ ಥರದ ಟಿಕೆಟ್ ಸ್ವಲ್ಪ ದುಬಾರಿ, ಆದರೂ ಹೊಸದಾಗಿ ವೀಸಾ ತೆಗೆದ ದೇಶಕ್ಕೆ ಹೋಗುವಾಗ ಅದನ್ನೇ ತೆಗೆದುಕೊಳ್ಳಿ. ಹೋಟೆಲ್ ಕೂಡ ರದ್ದು ಮಾಡಬಹುದಾದದ್ದು. ಸೌಲಭ್ಯಕ್ಕೆ ಕೊನೆ ದಿನ ಇದ್ದರೆ ಅದರ ಅಂಚಿನಲ್ಲಿ ಪ್ರವಾಸ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಅತ್ತೆಗೆ 71 ವರ್ಷ. ಪಶುಪತಿನಾಥನ ದರ್ಶನ ಮಾಡಬೇಕಂತೆ. ಪಾಸ್‌ಪೋರ್ಟ್ ಇಲ್ಲ, ಆಧಾರ್ ಇದೆ. ನಾನೂ ಆಧಾರ್‌ನಲ್ಲೇ ಹೋಗಬಹುದಾ?
– ಸೊಸೆ, ಮಲ್ಲೇಶ್ವರ

ಉತ್ತರ: ಅತ್ತೆಯವರು ಹೋಗಬಹುದು. ನೇಪಾಳಕ್ಕೆ 65 ದಾಟಿದವರಿಗೂ 15ರ ಒಳಗಿನ ಮಕ್ಕಳಿಗೂ ಆಧಾರ್ ನಡೆಯುತ್ತದೆ. ನಿಮಗೆ ನಡೆಯುವುದಿಲ್ಲ. ನೀವು ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಒಯ್ಯಿರಿ. ಮೂಲ ಚೀಟಿಯೇ ಬೇಕು, ಫೋನಿನ ಫೋಟೋ ಅಲ್ಲ. ದರ್ಶನ ಚೆನ್ನಾಗಿ ಆಗಲಿ.

ಪ್ರಶ್ನೆ: ಮಗನ ಜರ್ಮನ್ ಸ್ನೇಹಿತ ಮೈಸೂರು ದಸರಾಕ್ಕೆ ಬರುತ್ತಾನೆ, ನಮ್ಮ ಮನೆಯಲ್ಲೇ ಇರುತ್ತಾನೆ. ನಾವೂ ಅವರಿಗೆ ಇಟಿಎ ಕೊಡುತ್ತೇವಾ?
– ಜೆ.ಪಿ. ನಗರದ ಓದುಗರು

ಉತ್ತರ: ನಮ್ಮದಕ್ಕೂ ಮೊದಲು ಇದೇ ಹೆಸರಿತ್ತು! 2014ರ ನವೆಂಬರ್ 27ರಂದು 43 ದೇಶಗಳವರಿಗೆ ಅಂತ ಶುರುವಾಯಿತು, ಮೊದಲ 9 ಏರ್‌ಪೋರ್ಟ್‌ಗಳಲ್ಲಿ ನಮ್ಮ ಬೆಂಗಳೂರೂ ಒಂದು. ಮರುವರ್ಷ ಇ-ಟೂರಿಸ್ಟ್ ವೀಸಾ ಅಂತ ಹೆಸರು ಬದಲಾಯಿಸಿದರು. ಈಗ ನೂರೈವತ್ತಕ್ಕೂ ಹೆಚ್ಚು ದೇಶದವರಿಗೆ ಸಿಗುತ್ತದೆ, ಜರ್ಮನಿ ಅದರಲ್ಲಿದೆ. ಭಾರತ ಸರ್ಕಾರದ ವೆಬ್‌ಸೈಟಿನಲ್ಲೇ ಹಾಕಲಿ. 2025ರ ಅಕ್ಟೋಬರಿನಿಂದ ವಿದೇಶಿಯರಿಗೆ ನಮ್ಮಲ್ಲೂ ಇ-ಆಗಮನ ಕಾರ್ಡ್ ಬಂದಿದೆ, ಅದು ಉಚಿತ. ಇನ್ನು ನಿಮ್ಮ ಪಾಲಿನ ಕೆಲಸ: ವಿದೇಶಿ ಅತಿಥಿ ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಎಫ್‌ಆರ್‌ಆರ್‌ಒಗೆ, ಅಂದರೆ ವಿದೇಶಿಯರ ನೋಂದಣಿ ಕಚೇರಿಗೆ, ಆನ್‌ಲೈನ್‌ನಲ್ಲಿ ತಿಳಿಸಬೇಕು. ಜನ ಫಾರ್ಮ್ ಸಿ ಅಂತ ಕರೆಯುವುದು ಅದನ್ನೇ. ಹೋಟೆಲಿನವರಿಗೆ ಮಾತ್ರ ಅಂತ ತುಂಬಾ ಮನೆಯವರು ತಿಳಿದಿದ್ದಾರೆ.

ಪ್ರಶ್ನೆ: ಮಗನಿಗೆ 23 ವರ್ಷ. ಟೆಲಿಗ್ರಾಂನಲ್ಲಿ ಪರಿಚಯವಾದ ಏಜೆಂಟ್ ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸ ಕೊಡಿಸುತ್ತೇನೆ, ತಿಂಗಳಿಗೆ 80 ಸಾವಿರ ಅಂತ ಹೇಳಿದ್ದಾನೆ. ವೀಸಾ ಬೇಡ, ಪ್ರವಾಸಿ ಥರ ಬಾ, ಪರ್ಮಿಟ್ ಇಲ್ಲೇ ಮಾಡಿಸೋಣ ಅಂತಾನೆ. ಟಿಕೆಟ್ ಕೂಡ ಅವನೇ ಕಳಿಸಿದ್ದಾನೆ. ನನಗೆ ಯಾಕೋ ಹೊಟ್ಟೆಯಲ್ಲಿ ಸಂಕಟ.
– ಒಬ್ಬ ತಾಯಿ, ಮಾಗಡಿ ರಸ್ತೆ

ಉತ್ತರ: ನಿಮ್ಮ ಹೊಟ್ಟೆಯ ಸಂಕಟ ಸುಳ್ಳಲ್ಲ ಅಮ್ಮಾ. ದಯವಿಟ್ಟು ಕಳಿಸಬೇಡಿ.

ವೀಸಾ ಇಲ್ಲದ ಪ್ರವೇಶ ಸುತ್ತಾಡಲು ಇರುವುದು. ಅದರ ಮೇಲೆ ಸಂಬಳದ ಕೆಲಸ ಮಾಡಿದರೆ ಮೊದಲ ದಿನದಿಂದಲೇ ಕಾನೂನಿನ ಪ್ರಕಾರ ತಪ್ಪು. ಥಾಯ್ಲೆಂಡಿನಲ್ಲಿ ನಿಜವಾಗಿ ಕೆಲಸ ಕೊಡುವ ಕಂಪನಿ ಹೊರಡುವ ಮೊದಲೇ ಉದ್ಯೋಗದ ವೀಸಾಕ್ಕೆ ಕಾಗದ ಕಳಿಸುತ್ತದೆ, ಆಮೇಲೆ ವರ್ಕ್ ಪರ್ಮಿಟ್. 'ಪ್ರವಾಸಿ ಥರ ಬಾ' ಅನ್ನುವುದಿಲ್ಲ.

ಹೀಗೆ ಹೋದ ಹುಡುಗರನ್ನು ಬ್ಯಾಂಕಾಕಿನಿಂದ ಕಾರಿನಲ್ಲಿ ಮೇಸೋಟ್ ಅನ್ನುವ ಗಡಿ ಊರಿಗೆ ಒಯ್ಯುತ್ತಾರೆ. ಅಲ್ಲಿ ಮೊಯಿ ಅಂತ ನದಿ. ದಾಟಿದರೆ ಮ್ಯಾನ್ಮಾರಿನ ಮ್ಯಾವಡಿ. ಅಲ್ಲಿ ಪಾಸ್‌ಪೋರ್ಟ್ ಕಿತ್ತುಕೊಂಡು, ಬೇಲಿ ಹಾಕಿದ ಜಾಗದಲ್ಲಿ ಕೂಡಿಹಾಕಿ, ಆನ್‌ಲೈನ್ ಮೋಸದ ಕೆಲಸ ಮಾಡಿಸುತ್ತಾರೆ. 2025ರ ಮಾರ್ಚ್‌ನಲ್ಲಿ ಅಂಥ 283 ಭಾರತೀಯರನ್ನು ನಮ್ಮ ವಾಯುಪಡೆಯ ವಿಮಾನ ಮೇಸೋಟಿನಿಂದ ಕರೆತಂದಿತು. ಅವರ ಮನೆಗಳಲ್ಲೂ ನಿಮ್ಮ ಥರದ ಅಮ್ಮಂದಿರು ಇದ್ದರು.

ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟರು ಸರ್ಕಾರದಲ್ಲಿ ನೋಂದಣಿ ಮಾಡಿಸಿರಲೇಬೇಕು. ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಅವರ ಪಟ್ಟಿ ಇದೆ. ಅಲ್ಲಿ ಹೆಸರು ಇಲ್ಲದಿದ್ದರೆ ಮಾತು ಅಲ್ಲಿಗೆ ಮುಗಿಯಿತು. ನೋಂದಣಿ ಇರುವವರೂ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಶುಲ್ಕ ಕೇಳುವಂತಿಲ್ಲ.

ಪತ್ರದ ಕೊನೆಗೆ ಫೋನ್ ನಂಬರ್ ಬರೆದಿದ್ದಿರಿ. ಸಂಚಿಕೆ ಬರುವವರೆಗೆ ಕಾಯುವುದು ಬೇಡ ಅಂತ ಅವತ್ತೇ ಕರೆ ಮಾಡಿದೆ. ಎತ್ತಿದ್ದು ನಿಮ್ಮ ಮಗನೇ. ಅರ್ಧ ಗಂಟೆ ಮಾತಾಡಿದೆವು. ಒಳ್ಳೆಯ ಹುಡುಗ. ಮನೆ ಸಾಲದ ವಿಷಯ ಹೇಳಿದ, ಅಪ್ಪನ ಔಷಧಿ ಖರ್ಚಿನ ವಿಷಯ ಹೇಳಿದ. ಏಜೆಂಟನಿಗೆ ಎರಡೇ ಪ್ರಶ್ನೆ ಕೇಳು ಅಂದೆ: ನೋಂದಣಿ ನಂಬರ್ ಎಷ್ಟು, ಕೆಲಸದ ವೀಸಾಕ್ಕೆ ಕಂಪನಿಯ ಕಾಗದ ಯಾವಾಗ ಕಳಿಸುತ್ತೀಯ. ಮರುದಿನ ಸಂಜೆ ಮೆಸೇಜ್ ಮಾಡಿದ. ಆ ಏಜೆಂಟ್ ಎರಡಕ್ಕೂ ಉತ್ತರ ಕೊಡದೆ 'ನಂಬಿಕೆ ಇಲ್ಲ ಅಂದ್ರೆ ಬೇರೆ ಹುಡುಗರಿದ್ದಾರೆ' ಅಂದನಂತೆ. ಟಿಕೆಟ್ ಇನ್ನೂ ಮಗನ ಫೋನಿನಲ್ಲೇ ಇದೆ. ಅವನನ್ನು ಬೈಯಬೇಡಿ. ಈ ವಾರ ರಾತ್ರಿ ಊಟಕ್ಕೆ ಅವನ ಜೊತೆಗೇ ಕೂತುಕೊಳ್ಳಿ, ಸಾಲದ ಲೆಕ್ಕವನ್ನು ಅವನ ಮುಂದೆಯೇ ಬಿಚ್ಚಿಡಿ. ನನ್ನ ನಂಬರ್ ಅವನ ಹತ್ತಿರ ಇದೆ, ಯಾವ ಹೊತ್ತಿನಲ್ಲಿ ಬೇಕಾದರೂ ಮಾಡಲಿ.